ಜೊತೆಗಾರ್ತಿಯ ನೇಮಕ

ಅಜ್ಜಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ಅವಳಿಗೆ ಆ ಹೆಸರಿಟ್ಟದ್ದು ಅವಳ ಸ್ವಭಾವ ನೋಡಿ. ಬಿಸಿಲಿದ್ದರೂ ಚೀಲದಲ್ಲಿ ಕೊಡೆ ಇರುತ್ತಿತ್ತು. ಬೀಗ ಹಾಕಿದ ಮೇಲೆ ಅದನ್ನು ಎಳೆದು ನೋಡಿ, ಮೆಟ್ಟಿಲವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆಯುತ್ತಿದ್ದಳು. ಯಾರಾದರೂ ಒಂದು ಸಲ ಕೆಮ್ಮಿದರೆ ಸಾಕು, "ಬಿಸಿನೀರು ಕುಡಿದ್ಯಾ?" ಎಂದು ಬೆನ್ನು ಹತ್ತುತ್ತಿದ್ದಳು. ಅವಳ ಕೋಣೆಯ ಇನ್ನೊಬ್ಬಳ ಹೆಸರು ರೇಡಿಯೋ. ಹಲ್ಲುಜ್ಜುವಾಗಲೂ ಮಾತು ನಿಲ್ಲಿಸದವಳು. ಬ್ರಷ್ಷು ಬಾಯಲ್ಲಿಟ್ಟುಕೊಂಡೇ, ಸಂಖ್ಯಾಶಾಸ್ತ್ರದ ಮೇಷ್ಟ್ರು ಸೀನುವ ಮುಂಚೆ ಮುಖವನ್ನು ಹೇಗೆ ಹೇಗೆ ಮಾಡುತ್ತಾರೆಂದು ತೋರಿಸಿ ಇಡೀ ಬಚ್ಚಲುಮನೆಯ ಸಾಲನ್ನು ನಗಿಸುತ್ತಿದ್ದಳು.

ಅಂಥವಳು ಈ ವರ್ಷ ಮೆಲ್ಲಮೆಲ್ಲಗೆ ಕಡಿಮೆಯಾಗುತ್ತ ಬಂದಳು. ಮೊದಲು ಊಟದ ಹಾಲಿಗೆ ಬರುವುದು ಬಿಟ್ಟಳು, ಆಮೇಲೆ ಕ್ಲಾಸು, ಆಮೇಲೆ ಮಾತು. ಗೋಡೆಗೆ ಮುಖಮಾಡಿ ಮಲಗಿದರೆ ಬೆಳಕು ಹೋಗುವವರೆಗೂ ಹಾಗೆಯೇ. ಅವಳನ್ನು ಎಬ್ಬಿಸಿ, ತಲೆ ಬಾಚಿ, ಕೈಹಿಡಿದು ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರಕ್ಕೆ ಕರೆದುಕೊಂಡು ಹೋದವಳು ಅಜ್ಜಿಯೇ. ಅಲ್ಲಿ ಕೌನ್ಸೆಲರ್ ಮೇಡಂ ಎದುರು ರೇಡಿಯೋ ತಲೆ ತಗ್ಗಿಸಿಕೊಂಡು ಒಂದು ಮಾತು ಹೇಳಿಬಿಟ್ಟಳು. ಬೆಳಿಗ್ಗೆ ಕಣ್ಣುಬಿಟ್ಟಾಗ, ಅಯ್ಯೋ ಇನ್ನೂ ಬದುಕಿದ್ದೀನಲ್ಲ ಎಂದು ಬೇಜಾರಾಗುತ್ತದೆ ಎಂದು.

ಮಾರನೆಯ ದಿನವೇ ಆ ಮಾತು ಡೀನ್ ಸಾಹೇಬರ ಮೇಜಿನ ಮೇಲಿತ್ತು.

ಹಿಂದಿನ ವರ್ಷ ಹುಡುಗರ ಹಾಸ್ಟೆಲಿನಲ್ಲಿ ಒಬ್ಬ ತೀರಿಕೊಂಡಿದ್ದ. ಪತ್ರಿಕೆಯವರು ಗೇಟಿನ ಮುಂದೆ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರು. ಅಂದಿನಿಂದ ವಿಶ್ವವಿದ್ಯಾಲಯಕ್ಕೆ ಜೀವಭಯ. ತಾರಸಿಯ ಬಾಗಿಲುಗಳಿಗೆಲ್ಲ ಬೀಗ ಬಿತ್ತು. ಕೋಣೆಗಳ ಕಿಟಕಿಗೆ ಸರಳು ಬಂತು. ಕೆರೆಯ ಸುತ್ತ ಬೇಲಿ ಎದ್ದಿತು. ಪ್ರತಿ ಮೊಗಸಾಲೆಯಲ್ಲೂ "ನೀವು ಒಂಟಿಯಲ್ಲ" ಎಂಬ ಹಳದಿ ಚಿತ್ರಪಟ, ಅದರಲ್ಲಿ ಹಲ್ಲು ಕಾಣಿಸುವಂತೆ ನಗುವ ಸೂರ್ಯ. ಅವನನ್ನು ನೋಡಿ ರೇಡಿಯೋ, ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, "ಇವನೊಬ್ಬ ಬೇರೆ, ಬೆಳಿಗ್ಗೆ ಎದ್ದು ಇವನ ಮುಖ ನೋಡ್ಬೇಕು" ಎಂದು ಮೂಗು ಮುರಿದಿದ್ದಳು.

ಡೀನ್ ಕೆಟ್ಟ ಮನುಷ್ಯನೇನಲ್ಲ. ಅಜ್ಜಿ, ರೇಡಿಯೋ ಇಬ್ಬರನ್ನೂ ಕರೆಸಿ ಚಹಾ ತರಿಸಿದರು. ವಾರ್ಡನ್ ಮೇಡಂ ಪಕ್ಕದ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದರು.

"ನೋಡಮ್ಮ, ನಿಯಮದ ಪ್ರಕಾರ ಇಂಥ ಸಂದರ್ಭದಲ್ಲಿ ವಿದ್ಯಾರ್ಥೀನ ಮನೆಗೆ ಕಳಿಸ್ಬೇಕು. ಪೂರ್ತಿ ಹುಷಾರಾದ್ಮೇಲೆ ಬರಬಹುದು" ಎಂದರು ಡೀನ್.

ರೇಡಿಯೋ ಲೋಟವನ್ನು ಮೇಜಿನ ಮೇಲಿಟ್ಟಳು. "ಮನೆಗೆ ಬೇಡ ಸರ್" ಎಂದಳು. ಅಷ್ಟೇ. ಆದರೆ ಅಜ್ಜಿಗೆ ಗೊತ್ತಿತ್ತು. ಕಳೆದ ರಜೆಯಲ್ಲಿ ರೇಡಿಯೋ ಮನೆಯಲ್ಲಿ ಹೀಗೇ ಮಂಕಾಗಿ ಕೂತಾಗ ಅವಳ ಅಪ್ಪ ಇದೆಲ್ಲ ನಾಟಕ ಎಂದಿದ್ದರು. ಊರಿನ ಡಾಕ್ಟರು ಕೊಟ್ಟ ಮಾತ್ರೆಗಳನ್ನು ಚರಂಡಿಗೆ ಎಸೆದಿದ್ದರು. ಫೋನು ಕಿತ್ತುಕೊಂಡು, ಬುದ್ಧಿ ನೆಟ್ಟಗಾಗಲಿ ಎಂದು ಮಹಡಿಯ ಕೋಣೆಯಲ್ಲಿ ಹೊರಗಿನಿಂದ ಚಿಲಕ ಹಾಕಿದ್ದರು. ರಜೆ ಮುಗಿಯುವವರೆಗೂ ಊಟದ ತಟ್ಟೆ ಒಳಗೆ ಹೋಗುವುದು, ಹೊರಗೆ ಬರುವುದು, ಅಷ್ಟೇ. ಇದನ್ನೆಲ್ಲ ಅಜ್ಜಿ ಡೀನ್ ಎದುರು ತಡವರಿಸುತ್ತ ಹೇಳಿದಳು.

"ಹಾಗಾದ್ರೆ ಇನ್ನೊಂದು ದಾರಿ ಇದೆ" ಎಂದರು ವಾರ್ಡನ್. "ಈಗ ಹೊಸದಾಗಿ ಜೊತೆಗಾರ್ತಿ ಅಂತ ಮಾಡಿದೀವಲ್ಲ ಸರ್. ಇವಳೇ ಇರ್ಲಿ. ಇವಳು ಬಹಳ ಜವಾಬ್ದಾರಿ ಹುಡುಗಿ, ನಮ್ಮ ಹಾಸ್ಟೆಲಿಗೇ ಅಜ್ಜಿ."

ಎಲ್ಲರೂ ಸ್ವಲ್ಪ ನಕ್ಕರು. ಒಪ್ಪಂದ ಸುಲಭವಾಗಿತ್ತು. ರೇಡಿಯೋ ಹಾಸ್ಟೆಲಿನಲ್ಲೇ ಇರಬಹುದು. ಆದರೆ ಜೊತೆಗಾರ್ತಿ ಅವಳನ್ನು ಒಂಟಿಯಾಗಿ ಬಿಡಬಾರದು. ಆರೋಗ್ಯ ಕೇಂದ್ರದ ಡಾಕ್ಟರು ಬರೆದ ಮಾತ್ರೆ ಜೊತೆಗಾರ್ತಿಯ ಕೈಯಿಂದಲೇ ಹೋಗಬೇಕು. ಗೇಟು ದಾಟುವುದಾದರೂ ಅವಳ ಜೊತೆಯಲ್ಲೇ. ಪ್ರತಿ ಸಂಜೆ ವಾರ್ಡನ್ ಫೋನಿಗೆ "ಎಲ್ಲ ಸರಿ ಇದೆ" ಎಂದು ಸಂದೇಶ ಹೋಗಬೇಕು. ಏನಾದರೂ ಎಡವಟ್ಟು ಕಂಡರೆ ಅದೇ ದಿನ ಮನೆಗೆ.

"ನೀನಿದ್ದೀಯಲ್ಲ, ನಮಗೆ ಧೈರ್ಯ" ಎಂದು ಡೀನ್ ಅಜ್ಜಿಯ ಹೆಗಲು ತಟ್ಟಿದರು. ನಿಜ ಹೇಳಬೇಕೆಂದರೆ ಅವಳಿಗೆ ಆ ಹೊತ್ತು ಒಂದಿಷ್ಟು ಹೆಮ್ಮೆಯೇ ಆಯಿತು. ಹುಟ್ಟಿದಾಗಿನಿಂದ ಮಾಡಿದ ಚಿಂತೆಗೆಲ್ಲ ಕೊನೆಗೂ ಒಂದು ಹುದ್ದೆ ಸಿಕ್ಕ ಹಾಗೆ.

ಹೆಮ್ಮೆ ಬಹಳ ದಿನ ಬಾಳಲಿಲ್ಲ. ಒಂದು ಜೀವವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದೆಂದರೆ ಏನೆಂದು ಡೀನ್‌ಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ರೇಡಿಯೋ ಸ್ನಾನಕ್ಕೆ ಹೋದರೆ ಅಜ್ಜಿ ಬಾಗಿಲಿನ ಹೊರಗೆ ನಿಂತು ಮಾತಾಡಿಸುತ್ತಲೇ ಇರಬೇಕು. ಉತ್ತರ ಸ್ವಲ್ಪ ತಡವಾದರೆ ಬಾಗಿಲು ಬಡಿಯುತ್ತಿದ್ದಳು.

"ಏನೇ, ನೀರು ಬಿಸಿ ಇದೆಯಾ?"

"ಇದೆ."

"ಸೋಪು ಸಿಕ್ತಾ?"

"ಅಜ್ಜೀ, ಉಸಿರಾಡ್ತಿದೀನಿ ಕಣೇ. ಸುಮ್ನಿರು. ಪಕ್ಕದ ಬಚ್ಚಲಲ್ಲಿ ಇರೋಳು ಏನಂದ್ಕೋತಾಳೆ?"

ಅಜ್ಜಿ ಓದುತ್ತಿದ್ದದ್ದು ಸೂಕ್ಷ್ಮಜೀವಿ ಶಾಸ್ತ್ರ. ಗಾಜಿನ ತಟ್ಟೆಗಳಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿ, ದಿನವೂ ಅವುಗಳ ಗಾತ್ರ ಅಳೆಯುವುದು ಅವಳ ಪ್ರಬಂಧದ ಕೆಲಸ. ರೇಡಿಯೋಳನ್ನೂ ಪ್ರಯೋಗಾಲಯಕ್ಕೆ ಕರೆದೊಯ್ದು ಎತ್ತರದ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಕೈ ತಟ್ಟೆಯ ಮೇಲೆ, ಕಣ್ಣು ಸ್ಟೂಲಿನ ಮೇಲೆ. ಹಾಗೆ ನೋಡುತ್ತ ನೋಡುತ್ತ ಒಂದು ಮಧ್ಯಾಹ್ನ ಮುಚ್ಚಳ ಮುಚ್ಚುವುದನ್ನೇ ಮರೆತಳು. ತಿಂಗಳುಗಟ್ಟಲೆ ಬೆಳೆಸಿದ ಸಾಲಿನ ಮೇಲೆ ಹಸಿರು ಬೂಷ್ಟು ಹರಡಿತು. ಅವಳ ಮಾರ್ಗದರ್ಶಕಿ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ನೀನು ಹೀಗಿರ್ಲಿಲ್ವಲ್ಲಮ್ಮ. ಯಾರನ್ನಾದ್ರೂ ಪ್ರೀತಿಗೀತಿ ಮಾಡ್ತಿದೀಯಾ?" ಎಂದರು. ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು. ನಿದ್ದೆ ಅವಳಿಗೆ ಕಣ್ಣೆವೆಯ ಮೇಲಷ್ಟೇ ಬಂದು ಹೋಗುತ್ತಿತ್ತು. ತಟ್ಟೆಯ ಅನ್ನ ಹಾಗೆಯೇ ಉಳಿಯುತ್ತಿತ್ತು. ಕೈಗೆ ಒಂದು ಸಣ್ಣ ನಡುಕ ಹತ್ತಿತ್ತು. ಸಂಜೆ ಆ ನಡುಗುವ ಬೆರಳಿನಿಂದಲೇ "ಎಲ್ಲ ಸರಿ ಇದೆ" ಎಂದು ಒತ್ತುತ್ತಿದ್ದಳು. ವಾರ್ಡನ್ ಒಂದು ಹೂವಿನ ಚಿತ್ರ ಕಳಿಸುತ್ತಿದ್ದರು. ನೀನು ಹೇಗಿದ್ದೀಯ ಎಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಅವಳಿಗೂ ಹೊಳೆಯಲಿಲ್ಲ.

ಮಾತ್ರೆ ಸಿಕ್ಕಿದ್ದು ಒಂದು ಬೆಳಿಗ್ಗೆ, ಬಟ್ಟೆ ಒಗೆಯಲು ತೆಗೆಯುವಾಗ. ರೇಡಿಯೋಳ ಉಣ್ಣೆಯ ಅಂಗಿಯ ಜೇಬು ಭಾರವಾಗಿತ್ತು. ಒಳಗೆ ಕಾಲುಚೀಲ, ಕಾಲುಚೀಲದೊಳಗೆ ಆ ಬಿಳಿ ಮಾತ್ರೆಗಳು, ಒಂದು ಹಿಡಿಯಷ್ಟು. ಪ್ರತಿದಿನ ತಾನೇ ಅಂಗೈಯಲ್ಲಿಟ್ಟು, ನೀರು ಕೊಟ್ಟು, ನುಂಗುವವರೆಗೂ ಎದುರು ನಿಂತಿದ್ದ ಮಾತ್ರೆಗಳು. ಬಾಯಿ ತೆರೆದು ತೋರಿಸು ಎಂದು ಗೆಳತಿಯನ್ನು ಕೇಳುವುದು ಅವಮಾನ ಮಾಡಿದಂತೆ ಎಂದು ಅಜ್ಜಿ ಒಂದು ದಿನವೂ ಕೇಳಿರಲಿಲ್ಲ. ಬೀಗವನ್ನು ನೂರು ಸಲ ಎಳೆದು ನೋಡುವವಳು ಇದೊಂದನ್ನು ಮಾತ್ರ ನೋಡದೆ ನಂಬಿದ್ದಳು.

ಅಲ್ಲೇ ನೆಲದ ಮೇಲೆ ಕೂತಳು.

"ಯಾಕೆ ಕಣೇ?" ಎಂದಳು.

ರೇಡಿಯೋ ಮಂಚದ ಮೇಲೆ ಎದ್ದು ಕೂತಳು. ಸಿಕ್ಕಿಬಿದ್ದವಳ ಮುಖವಲ್ಲ ಅದು. ಬಹಳ ದೂರದಿಂದ ನಡೆದು ಬಂದು ಸುಸ್ತಾದವಳ ಮುಖ. "ಇದೆ ಅಂತ ಗೊತ್ತಿದ್ರೆ ಸಮಾಧಾನ. ಅಷ್ಟೇ. ಇವತ್ತೇ ಅಂತೇನಿಲ್ಲ."

"ಇವತ್ತೇ ಅಂತೇನಿಲ್ಲ ಅಂದ್ರೆ?"

"ಕೂಗ್ಬೇಡ್ವೇ. ಯಾರಿಗೂ ಹೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ. ಹೇಳಿದ್ರೆ ಸಂಜೆ ಒಳಗೆ ಅಪ್ಪ ಬರ್ತಾರೆ. ಆ ಕೋಣೆಗೆ ವಾಪಸ್ ಹೋದ್ರೆ ಮಾತ್ರೆ ಬೇಕಾಗಿಲ್ಲ ನಂಗೆ."

ಹೇಳಿದರೆ ಇವಳು ಆ ಚಿಲಕದ ಹಿಂದೆ. ಹೇಳದಿದ್ದರೆ ಇನ್ನೊಂದು ಕಾಲುಚೀಲ, ಇನ್ನೊಂದು ಜೇಬು, ತನ್ನ ಕಣ್ಣು ಮುಚ್ಚಿದ ಯಾವುದೋ ಒಂದು ಗಳಿಗೆ. ಅಜ್ಜಿ ಮಾತ್ರೆಗಳನ್ನು ಕಾಲುಚೀಲ ಸಮೇತ ತನ್ನ ಚೀಲದ ತಳಕ್ಕೆ ಹಾಕಿಕೊಂಡಳು. ರೇಡಿಯೋಗೆ ಚಪ್ಪಲಿ ಹಾಕಿಸಿ, "ಬಾ" ಎಂದಳು.

ಆಪ್ತಸಮಾಲೋಚನಾ ಕೇಂದ್ರವೆಂದರೆ ಗ್ರಂಥಾಲಯದ ಹಿಂಭಾಗದ ಒಂದೇ ಕೋಣೆ. ಹೊರಗಿನ ಬೆಂಚಿನಲ್ಲಿ ಆಗಲೇ ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ನೋಡದಂತೆ ಫೋನು ಹಿಡಿದು ಕೂತಿದ್ದರು. ಅಜ್ಜಿ ಅವರೆಲ್ಲರ ಕ್ಷಮೆ ಕೇಳಿ, ರೇಡಿಯೋಳನ್ನು ಬೆಂಚಿನ ತುದಿಯಲ್ಲಿ ಕೂರಿಸಿ, ಬಾಗಿಲನ್ನು ಅರ್ಧ ತೆರೆದೇ ಇಟ್ಟು ಒಳಗೆ ಹೋದಳು.

"ಮೇಡಂ, ಅವಳ ಹತ್ರ..."

ಕೌನ್ಸೆಲರ್ ಮೇಡಂ ಕೈ ಎತ್ತಿದರು. "ನಿಲ್ಲು. ಮುಂದಿನ ಮಾತು ಹೇಳೋಕೆ ಮುಂಚೆ ಯೋಚನೆ ಮಾಡು ಮಗಳೇ. ಅಪಾಯ ಇದೆ ಅಂತ ನೀನು ಹೇಳಿದ್ರೆ, ನಾನು ಈಗಲೇ ಡೀನ್‌ಗೆ ಫೋನ್ ಮಾಡ್ಬೇಕು. ಅವರು ಅವಳ ಮನೆಗೆ ಮಾಡ್ತಾರೆ. ನನ್ನ ಕೈಲಿ ತಡೆಯೋಕಾಗಲ್ಲ."

"ಮನೆಗೆ ಕಳಿಸಿದ್ರೆ ಅವಳು ಉಳಿಯಲ್ಲ ಮೇಡಂ."

"ಗೊತ್ತು."

"ಗೊತ್ತಿದ್ದೂ...?"

ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರ ಕಣ್ಣಿನ ಕೆಳಗೂ ಅಜ್ಜಿಯ ಕಣ್ಣಿನ ಕೆಳಗಿದ್ದಂಥದೇ ಕಪ್ಪು. "ಇಡೀ ವಿಶ್ವವಿದ್ಯಾಲಯಕ್ಕೆ ನಾನೊಬ್ಬಳು. ಹೊರಗೆ ಕೂತಿರೋರನ್ನ ನೋಡಿದ್ಯಲ್ಲ. ಅವಳನ್ನ ದಿನಾ ನೋಡ್ಬೇಕು ನಾನು, ತಿಂಗಳಿಗೊಂದ್ಸಲ ನೋಡ್ತಿದೀನಿ. ಆಸ್ಪತ್ರೆಗೆ ಕಳಿಸೋಣ ಅಂತ ಮೊದಲ ದಿನವೇ ಬರೆದುಕೊಟ್ಟೆ. ಆಸ್ಪತ್ರೆ ಅಂದ್ರೆ ಸುದ್ದಿ ಆಗುತ್ತೆ, ಮೊದಲು ತಂದೆ ಒಪ್ಪಲಿ ಅಂದ್ರು."

"ಹಾಗಾದ್ರೆ ನಾನು ಯಾರಿಗೆ ಹೇಳ್ಲಿ ಮೇಡಂ? ನೀವೇ ಕೇಳಿಸ್ಕೊಳ್ಳೋ ಹಾಗಿಲ್ಲ ಅಂದ್ರೆ ನಾನು ಯಾರಿಗೆ ಹೇಳ್ಲಿ?" ಅಜ್ಜಿಯ ದನಿ ತನಗೇ ಗುರುತು ಸಿಗದಷ್ಟು ಮೇಲೇರಿತ್ತು.

ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು, "ಅವಳು ಚಿಕ್ಕ ಮಗು ಅಲ್ಲ. ದೊಡ್ಡಾಸ್ಪತ್ರೆಗೆ ಹೋಗಿ, ನಂಗೆ ಹುಷಾರಿಲ್ಲ, ನನ್ನ ಸೇರಿಸ್ಕೊಳ್ಳಿ ಅಂತ ಅವಳ ಬಾಯಲ್ಲೇ ಹೇಳಿದ್ರೆ, ಅಪ್ಪನನ್ನ ಯಾರೂ ಕೇಳಲ್ಲ. ನಾನು ಇದನ್ನ ಹೇಳಿಲ್ಲ."

ಅಜ್ಜಿ ತಿರುಗಿ ನೋಡಿದಳು. ಬಾಗಿಲಿನ ಸಂದಿಯಲ್ಲಿ ಬೆಂಚಿನ ತುದಿ ಕಾಣುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಅವಳು ಓಡಿದ್ದು ಅವಳಿಗೇ ತುಂಡುತುಂಡಾಗಿ ನೆನಪು. ಗ್ರಂಥಾಲಯದ ಶೌಚಾಲಯದ ಬಾಗಿಲುಗಳನ್ನೆಲ್ಲ ದೂಡಿದಳು. ತಾರಸಿಯ ಮೆಟ್ಟಿಲು ಹತ್ತಿ ಬೀಗ ಜಗ್ಗಿದಳು. ಬೀಗ ಭದ್ರವಾಗಿತ್ತು, ಆದರೂ ಬಾಗಿಲಿಗೆ ಕಿವಿಯಿಟ್ಟು ಹೆಸರು ಹಿಡಿದು ಕೂಗಿದಳು. ಕೆರೆಯ ಬೇಲಿಯ ಉದ್ದಕ್ಕೂ ಓಡುತ್ತ ನೀರನ್ನೇ ನೋಡಿದಳು. ನೀರು ಸುಮ್ಮನೆ ಹೊಳೆಯುತ್ತಿತ್ತು. ಎದುರಾದವರು "ಯಾಕೆ ಅಜ್ಜಿ, ಏನಾಯ್ತು?" ಎಂದರೂ ನಿಲ್ಲಲಿಲ್ಲ. ಬಾಗಿಲು ತೆರೆದಿದ್ದರೂ ಬೆನ್ನು ತಿರುಗಿಸಿದೆನಲ್ಲ, ಬೆನ್ನು ತಿರುಗಿಸಿದೆನಲ್ಲ ಎಂಬುದೊಂದೇ ತಲೆಯಲ್ಲಿ ಗಾಣದಂತೆ ಸುತ್ತುತ್ತಿತ್ತು. ಕೋಣೆಗೆ ಹೋಗಬೇಕು, ಆದರೆ ಬಾಗಿಲು ತೆರೆದಾಗ ಏನು ಕಂಡೀತೋ ಎಂಬ ಭಯಕ್ಕೆ ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಆಗಲೇ ಪಕ್ಕದ ವಾರ್ಡನ್ ಆಫೀಸಿನಿಂದ ಆ ದನಿ ಕೇಳಿಸಿತು.

ರೇಡಿಯೋ ವಾರ್ಡನ್ ಮೇಜಿನ ಎದುರು ನಿಂತಿದ್ದಳು. ಬದುಕಿದ್ದಳು. ಮಾತಾಡುತ್ತಿದ್ದಳು.

"...ಅವಳು ಊಟ ಮಾಡ್ತಿಲ್ಲ ಮೇಡಂ. ಮಲಗ್ತಿಲ್ಲ. ಕೈ ನೋಡಿ ಅವಳದ್ದು, ಹೇಗೆ ನಡುಗುತ್ತೆ. ನನ್ನಿಂದ ಅವಳ ಓದೂ ಹೋಯ್ತು. ಅವಳನ್ನ ಬಿಟ್ಬಿಡಿ. ನನ್ನ ಮನೆಗೆ ಕಳಿಸಿ, ಹೋಗ್ತೀನಿ."

ಅಜ್ಜಿ ಒಳಗೆ ನುಗ್ಗಿ ಅವಳ ರಟ್ಟೆ ಹಿಡಿದುಕೊಂಡಳು. "ಏನೇ ಹುಚ್ಚಿ, ಏನು ಹೇಳ್ತಿದೀಯ?"

"ಹುಚ್ಚಿ ಅಂತ ಅಧಿಕೃತವಾಗಿ ಆಗಿದೆಯಲ್ಲ, ಹೊಸದಾಗಿ ಬಯ್ಯೋದೇನಿದೆ?" ಎಂದಳು ರೇಡಿಯೋ. ಎಷ್ಟೋ ವಾರಗಳ ಮೇಲೆ ಅವಳ ಬಾಯಿಂದ ಬಂದ ತಮಾಷೆ. ಅಜ್ಜಿಗೆ ನಗು ಬರಲಿಲ್ಲ, ಅಳು ಉಕ್ಕಿತು.

ವಾರ್ಡನ್ ಆಗಲೇ ಫೋನು ಎತ್ತಿದ್ದರು. ಡೀನ್ ಬಂದರು. ಬಂದವರ ಮುಖದಲ್ಲಿ ಹೊರೆ ಇಳಿದ ನೆಮ್ಮದಿ ಕಂಡಿತು. "ಒಳ್ಳೇದೇ ಆಯ್ತು. ಅವಳೇ ಒಪ್ಪಿದಾಳೆ ಅಂದ್ಮೇಲೆ ನಾವ್ಯಾಕೆ ತಡೀಬೇಕು? ತಂದೆಯವರ ಹತ್ರ ಮಾತಾಡಿದೀನಿ, ಹೊರಟಿದಾರಂತೆ."

"ಅವಳು ಒಪ್ಪಿದ್ದು ನನಗೋಸ್ಕರ ಸರ್. ಮನೆಗೆ ಬೇಡ, ಆಸ್ಪತ್ರೆಗೆ ಸೇರಿಸಿ."

"ಅದನ್ನ ಅವರ ಮನೆಯವರು ಮಾಡ್ಲಿ. ನಾವು ಸೇರಿಸಿದ್ರೆ ನಾಳೆ ಜನ ಏನಂತಾರೆ? ವಿಶ್ವವಿದ್ಯಾಲಯ ಮಕ್ಕಳನ್ನ ಹುಚ್ಚರನ್ನಾಗಿ ಮಾಡಿ ಆಸ್ಪತ್ರೆಗೆ ಹಾಕ್ತು ಅಂತ ಬರೀತಾರೆ."

ಅಜ್ಜಿ ಚೀಲದ ತಳಕ್ಕೆ ಕೈಹಾಕಿ ಆ ಕಾಲುಚೀಲವನ್ನು ಮೇಜಿನ ಮೇಲೆ ಸುರುವಿದಳು. ಬಿಳಿ ಮಾತ್ರೆಗಳು ಗಾಜಿನ ಮೇಲೆ ಚೆಲ್ಲಾಡಿದವು. ಒಂದು ಉರುಳಿಕೊಂಡು ಹೋಗಿ ವಾರ್ಡನ್ ಮಡಿಲಿಗೆ ಬಿತ್ತು.

"ಇವಿಷ್ಟೂ ನಾನೇ ಕೊಟ್ಟಿದ್ದು ಸರ್. ದಿನಾ ನಿಮಗೆ ಎಲ್ಲ ಸರಿ ಇದೆ ಅಂತ ಕಳಿಸ್ತಿದ್ದೆ. ಏನೂ ಸರಿ ಇರ್ಲಿಲ್ಲ."

ಹೇಳಬಾರದು ಎಂದಿದ್ದ ರೇಡಿಯೋ ರಟ್ಟೆ ಕೊಡವಿಕೊಂಡು ಗೋಡೆಯ ಕಡೆ ತಿರುಗಿದಳು. ಡೀನ್ ಬೆವರೊರೆಸಿಕೊಂಡರು. ಇನ್ನು ಒಂದು ಗಳಿಗೆಯೂ ಇವಳು ಹಾಸ್ಟೆಲಿನಲ್ಲಿರುವ ಹಾಗಿಲ್ಲ ಎಂದರು, ಸಾಮಾನು ಕಟ್ಟಲಿ ಎಂದರು. ಆಮೇಲೆ, ತಂದೆ ಬರುವುದು ಸಂಜೆಯಾಗುತ್ತದೆ ಎಂಬುದು ನೆನಪಾಗಿ, ಸುತ್ತ ನೋಡಿದರು. ವಾರ್ಡನ್ ಮುಖ ಕೆಳಗೆ ಹಾಕಿದರು. ಕಡೆಗೆ ಡೀನ್ ಕಣ್ಣು ಅಜ್ಜಿಯ ಮೇಲೆ ಬಂದು ನಿಂತಿತು.

"ಅಲ್ಲೀವರೆಗೂ ನೀನೇ ಜೊತೆಗಿರಮ್ಮ" ಎಂದರು ಮೆತ್ತಗೆ.

ಅಜ್ಜಿ "ಆಯ್ತು ಸರ್" ಎಂದಳು.

ಸಾಮಾನು ಕಟ್ಟಲು ಅವರು ಕೋಣೆಗೆ ಹೋಗಲಿಲ್ಲ. ಅಜ್ಜಿ ರೇಡಿಯೋಳ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದು ನೇರ ಗೇಟಿಗೆ ನಡೆದಳು. ಕಾವಲುಗಾರ ಅಡ್ಡ ಬಂದ. "ಇವರೊಬ್ಬರನ್ನೇ ಬಿಡೋ ಹಾಗಿಲ್ಲ."

"ಒಬ್ಬಳೇ ಎಲ್ಲಿದಾಳೆ? ನಾನು ಅವಳ ಜೊತೆಗಾರ್ತಿ."

ಅವನಿಗೂ ಅದೇ ಆದೇಶವಿತ್ತು. ಗೇಟು ತೆರೆದ.

ದೊಡ್ಡಾಸ್ಪತ್ರೆಯ ಬಸ್ಸು ಹತ್ತಿದ ಮೇಲೆ ಅಜ್ಜಿ ಕೌನ್ಸೆಲರ್ ಮೇಡಂ ಹೇಳಿದ್ದನ್ನು ರೇಡಿಯೋಳ ಕಿವಿಯಲ್ಲಿ ಉಸುರಿದಳು. ರೇಡಿಯೋ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡಿದ್ದಳು. ಅಂಗಡಿ, ಪೆಟ್ರೋಲ್ ಬಂಕು, ಒಗೆದ ಬಟ್ಟೆ ಹರವಿದ ಬಾಲ್ಕನಿಗಳು ಹಿಂದಕ್ಕೆ ಸರಿಯುತ್ತಿದ್ದವು. ಅಜ್ಜಿಯ ಫೋನು ತೊಡೆಯ ಮೇಲೆ ಗುಂಯ್‌ಗುಡುತ್ತಿತ್ತು: ವಾರ್ಡನ್, ಡೀನ್, ಮತ್ತೆ ವಾರ್ಡನ್.

"ಮೋಸ ಮಾಡಿದೆ ನೀನು" ಎಂದಳು ರೇಡಿಯೋ ಕೊನೆಗೆ, ಗಾಜಿನಿಂದ ಹಣೆ ತೆಗೆಯದೆ.

"ಹೂಂ, ಮಾಡಿದೆ."

"ಅಲ್ಲಿ ಹೋಗಿ ನಾನು ಬಾಯಿ ಬಿಡ್ದೇ ಇದ್ರೆ?"

ಅಜ್ಜಿ ಅದನ್ನೇ ಯೋಚಿಸುತ್ತಿದ್ದಳು. "ನನ್ನ ಕೈಲಿ ಇನ್ನು ಆಗಲ್ಲ ಕಣೇ" ಎಂದಳು. ಇಷ್ಟು ದಿನ ಒಬ್ಬರ ಹತ್ತಿರವೂ ಆಡದ ಮಾತು. ಆಡಿದ ಮೇಲೆ ತಡೆಯಲಾಗಲಿಲ್ಲ. ಜನ ತಿರುಗಿ ನೋಡುವಂತೆ, ಮೂಗು ಸೋರುವಂತೆ ಅತ್ತಳು. "ನೀನು ಬೇಕು ನಂಗೆ, ಆದ್ರೆ ನನ್ನ ಕೈಲಿ ಆಗಲ್ಲ. ನಂಗೆ ಕಾಯೋಕೆ ಬರಲ್ಲ. ಬರೋರ ಹತ್ರ ಇರು."

ರೇಡಿಯೋ ಅವಳನ್ನು ನೋಡಿದಳು. ತನ್ನ ದುಪಟ್ಟಾದ ತುದಿಯನ್ನು ಅವಳ ಕೈಗೆ ಕೊಟ್ಟಳು. "ಮೂಗು ಒರೆಸ್ಕೋ. ಅಸಹ್ಯ."

ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಾಲು ಉದ್ದವಿತ್ತು. ಗೋಡೆಗೆ ಬೆನ್ನು ಕೊಟ್ಟು ನಿಂತರು, ಆಮೇಲೆ ನೆಲದ ಮೇಲೆ ಕೂತರು. ಹೆಸರು ಕರೆದಾಗ ಇಬ್ಬರೂ ಒಳಗೆ ಹೋದರು. ಡಾಕ್ಟರು ವಯಸ್ಸಾದ ಹೆಂಗಸು; ತಲೆಯೆತ್ತದೆ "ಏನಾಗ್ತಿದೆ?" ಎಂದರು. ಅಜ್ಜಿ ಬಾಯಿ ತೆರೆದಳು. "ನಿನ್ನ ಕೇಳ್ಲಿಲ್ಲ" ಎಂದರು ಡಾಕ್ಟರು, ಒರಟಾಗಿ ಅಲ್ಲ.

ರೇಡಿಯೋ ಉಗುರು ಕಚ್ಚುತ್ತ ಕೂತಿದ್ದಳು. ಹೊರಗೆ ಯಾರದೋ ಮಗು ಒಂದೇ ಸಮ ಅಳುತ್ತಿತ್ತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅಜ್ಜಿ ಕುರ್ಚಿಯ ಅಂಚು ಹಿಡಿದು ಕಾದಳು.

"ಇಲ್ಲಿ ಸೇರ್ಕೊಂಡ್ರೆ," ಎಂದಳು ರೇಡಿಯೋ, "ಹೊರಗಿನಿಂದ ಚಿಲಕ ಹಾಕ್ತೀರಾ?"

ಡಾಕ್ಟರು ಈಗ ತಲೆಯೆತ್ತಿದರು. "ವಾರ್ಡಿನ ಬಾಗಿಲು ಹಾಕಿರುತ್ತೆ. ಸುಳ್ಳು ಹೇಳಲ್ಲ. ಆದ್ರೆ ಬಾಗಿಲಿನ ಒಳಗೆ ನಿನ್ನ ಪಕ್ಕದಲ್ಲೇ ಸಿಸ್ಟರು ಇರ್ತಾರೆ. ರಾತ್ರಿಯೂ ಎದ್ದೇ ಇರ್ತಾರೆ, ಅದೇ ಅವರ ಕೆಲಸ. ನೀನು ಬೇಡ ಅಂದೋರನ್ನ ಒಳಗೆ ಬಿಡಲ್ಲ."

ರೇಡಿಯೋ ಬಾಗಿಲಿನ ಕಡೆ ಒಮ್ಮೆ ನೋಡಿದಳು.

"ನಂಗೆ ಹುಷಾರಿಲ್ಲ" ಎಂದಳು ರೇಡಿಯೋ. ಮುಂದಿನ ಮಾತು ಕೇಳಿಸಲೇ ಇಲ್ಲ, ತುಟಿಯಷ್ಟೇ ಅಲುಗಿತು. ಡಾಕ್ಟರಿಗೆ ಅಷ್ಟು ಸಾಕಾಯಿತು.

ವಾರ್ಡಿನ ಬಾಗಿಲಿನವರೆಗೆ ಮಾತ್ರ ಅಜ್ಜಿಯನ್ನು ಬಿಟ್ಟರು. ರೇಡಿಯೋ ತಿರುಗಿ ನೋಡದೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಅಜ್ಜಿ ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕುಸಿದು, ರೇಡಿಯೋ ದೊಡ್ಡಾಸ್ಪತ್ರೆಗೆ ಸೇರಿದ್ದಾಳೆ ಎಂದು ವಾರ್ಡನ್‌ಗೆ ಒಂದು ಸಂದೇಶ ಒತ್ತಿದಳು. ಎದ್ದು ಹೋಗಬೇಕೆಂದರೆ ಎಲ್ಲಿಗೆ ಎಂದು ತಿಳಿಯಲಿಲ್ಲ. ಹಾಸ್ಟೆಲಿನಲ್ಲಿ ತನಗೆ ಇನ್ನೂ ಮಂಚ ಇದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಡೀನ್ ಮುಂದೆ, ಅವರ ಹಿಂದೆ ದಪ್ಪ ಮೀಸೆಯ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಅಪ್ಪ ಎಂದು ಹೇಳಬೇಕಾಗಿರಲಿಲ್ಲ, ರೇಡಿಯೋಳದೇ ಮೂಗು. ಅಜ್ಜಿ ತನಗರಿವಿಲ್ಲದೆ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಅವಳನ್ನು ಪಕ್ಕಕ್ಕೆ ಸರಿಸಿ ಗಂಟೆ ಒತ್ತಿದರು. ಬಾಗಿಲು ಒಂದು ಗೇಣು ತೆರೆಯಿತು. ಸಿಸ್ಟರು ಅವರ ಮಾತೆಲ್ಲ ಕೇಳಿ, ಒಳಗೆ ಹೋಗಿ, ವಾಪಸು ಬಂದು ಹೇಳಿದರು: "ಈಗ ಯಾರನ್ನೂ ನೋಡಲ್ಲ ಅಂತಿದಾರೆ."

"ನಾನು ಅವಳ ಅಪ್ಪ."

"ಹೇಳ್ದೆ. ಆದ್ರೂ ಬೇಡ ಅಂದ್ರು."

ಬಾಗಿಲು ಮುಚ್ಚಿತು. ಡೀನ್ ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲ ಕಡೆ ಸರಿದರು. ಅಪ್ಪ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಅವರು ಕಿರುಚಾಡುತ್ತಾರೆ ಎಂದು ಅಜ್ಜಿ ಮೈಯೆಲ್ಲ ಬಿಗಿಹಿಡಿದಿದ್ದಳು. ಅವರು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

"ನೀನು ಅವಳ ಜೊತೆಗಿರೋಳಾ?"

"ಹೂಂ."

"ಊಟ ಮಾಡಿದ್ಲಾ?"

ಮೂರು ಹೊತ್ತು ಆ ಲೆಕ್ಕವನ್ನೇ ಜಪಿಸಿಕೊಂಡು ಬಂದವಳಿಗೆ, ಬಾಗಿಲಿನ ಆಚೆ ರೇಡಿಯೋ ಕೂತಿದ್ದಾಳೋ ಮಲಗಿದ್ದಾಳೋ, ಅಳುತ್ತಿದ್ದಾಳೋ, ಒಂದೂ ತಿಳಿಯದು ಎಂಬುದು ಆಗ ಅರಿವಿಗೆ ಬಂತು. ಆದರೂ ಅವಳು ಬಾಗಿಲಿಗೆ ಹೋಗಲಿಲ್ಲ.

"ಗೊತ್ತಿಲ್ಲ ಸರ್" ಎಂದಳು. "ಒಳಗೆ ಇರೋರಿಗೆ ಗೊತ್ತಿರುತ್ತೆ."

ಅದನ್ನು ಕೇಳಲೆಂದು ಅವರು ಎದ್ದು ಮತ್ತೆ ಗಂಟೆ ಒತ್ತಲು ಹೋದರು.